‘ಇಳಿಯಬೇಡಿ’ ಎಂದರೆ ಸಾಲದು, ದಡ ಸೇರುವುದನ್ನೂ ಕಲಿಸಿ

ನಮ್ಮ ಜಿಲ್ಲೆಯ ಊರುಗಳ ಹೆಸರು ಹೇಳಿದರೆ ಹೊರಗಿನವರಿಗೆ ಏನು ನೆನಪಾಗುತ್ತದೆ? ರಾಮನಗರ ಎಂದರೆ ರೇಷ್ಮೆಗೂಡು ಮತ್ತು ‘ಶೋಲೆ’ ಸಿನಿಮಾದ ಬೆಟ್ಟ. ಚನ್ನಪಟ್ಟಣ ಎಂದರೆ ಬಣ್ಣದ ಗೊಂಬೆ. ಮಾಗಡಿ ಎಂದರೆ ಕೆಂಪೇಗೌಡರು. ಕನಕಪುರ ಎಂದರೆ ಕಲ್ಲುಬಂಡೆ ಮತ್ತು ರಾಜಕಾರಣ. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಹೆಸರು ಬದಲಾದ ಮೇಲೂ ಈ ಪಟ್ಟಿ ಹಾಗೆಯೇ ಇದೆ. ಅದರಲ್ಲಿ ನೀರಿನ ಸುದ್ದಿ ಮಾತ್ರ ಎಲ್ಲೂ ಇಲ್ಲ.

ಆದರೆ ನಕ್ಷೆ ಬಿಡಿಸಿ ನೋಡಿ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ಜಲಾಶಯಗಳನ್ನು ದಾಟಿ, ರಾಮನಗರ ಮತ್ತು ಕನಕಪುರದ ಮಗ್ಗುಲಲ್ಲೇ ಹರಿದು, ಹಾರೋಬೆಲೆಯಲ್ಲಿ ಇನ್ನೊಮ್ಮೆ ನಿಂತು, ಕೊನೆಗೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣದ ಪಾಲಿಗೆ 1946ರಲ್ಲಿ ಕಟ್ಟಿದ ಕಣ್ವ ಜಲಾಶಯವಿದೆ, ಶಿಂಷಾ ನದಿಯ ಇಗ್ಗಲೂರು ಬ್ಯಾರೇಜ್ ಇದೆ. ಇವುಗಳ ಜೊತೆಗೆ ನೂರಾರು ಕೆರೆಗಳು, ಕೃಷಿ ಹೊಂಡಗಳು, ಕಲ್ಲು ತೆಗೆದು ಹಾಗೇ ಬಿಟ್ಟ ಕ್ವಾರಿ ಗುಂಡಿಗಳು. ಜಿಲ್ಲೆಯ ಯಾವ ಹಳ್ಳಿಯಿಂದ ಹೊರಟರೂ ಬೈಕಿನಲ್ಲಿ ಅರ್ಧ ಗಂಟೆಯೊಳಗೆ ಆಳವಾದ ನೀರೊಂದು ಸಿಗುತ್ತದೆ.

ಇಷ್ಟೆಲ್ಲ ನೀರಿನ ನಡುವೆ ಬೆಳೆಯುವ ನಮಗೆ ನೀರಿನ ಬಗ್ಗೆ ಸಿಗುವ ಪಾಠ ಒಂದೇ. ಅದು ಕೆಂಪು ಅಕ್ಷರದ ಬೋರ್ಡಿನಲ್ಲಿದೆ: ‘ಅಪಾಯ, ನೀರಿಗೆ ಇಳಿಯಬೇಡಿ’. ಬೇಸಿಗೆ ರಜೆ ಬಂದರೆ ಸಾಕು, ಮೇಕೆದಾಟು, ಮಂಚನಬೆಲೆ ಕಡೆಯಿಂದ ಸುದ್ದಿ ಬರುತ್ತದೆ. ಕಾಲು ಜಾರಿದ ಒಬ್ಬ, ಅವನನ್ನು ಹಿಡಿಯಲು ಹೋದ ಇನ್ನೊಬ್ಬ. ಮಾರನೇ ದಿನ ಪತ್ರಿಕೆಯಲ್ಲಿ ಇಬ್ಬರ ಪಾಸ್‌ಪೋರ್ಟ್ ಅಳತೆಯ ಫೋಟೊ. ಅದಾದ ಮೇಲೆ ಇನ್ನೊಂದು ಬೋರ್ಡ್ ಏಳುತ್ತದೆ, ಮೊದಲನೆಯದಕ್ಕಿಂತ ಸ್ವಲ್ಪ ದೊಡ್ಡದು.

ಬೋರ್ಡು ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಬೋರ್ಡೊಂದರಿಂದಲೇ ನೀರು ಅರ್ಥವಾಗುವುದಿಲ್ಲ. ನೀರಿನ ಮೇಲೆ ಹೋಗುವುದು, ಅಲ್ಲಿ ಹೇಗಿರಬೇಕೋ ಹಾಗಿರುವುದು, ಮತ್ತೆ ದಡಕ್ಕೆ ಬಂದು ಸೇರುವುದು, ಇದೊಂದು ವಿದ್ಯೆ. ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಆ ವಿದ್ಯೆಯನ್ನು ಕಲಿಸಬೇಕು ಎಂಬುದು ನನ್ನ ವಾದ. ಕಲಿಸಬಲ್ಲವರು ನಮ್ಮ ನಡುವೆಯೇ ಇದ್ದಾರೆ.

ದೋಣಿಗೆ ಬ್ರೇಕ್ ಇಲ್ಲ

ಇದು ವಿದ್ಯೆ ಎಂದು ನನಗೆ ತಿಳಿದದ್ದು ಊರಿನಲ್ಲಲ್ಲ, ಸುಮಾರು 400 ಕಿಲೋಮೀಟರ್ ದೂರದ ಮಲ್ಪೆಯಲ್ಲಿ. ನನ್ನ ಹಾಸ್ಟೆಲ್ ಗೆಳೆಯನೊಬ್ಬ ಉಡುಪಿ ಕಡೆಯವನು. ಅವನ ಚಿಕ್ಕಪ್ಪನದು ಒಂದು ಸಣ್ಣ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್. ಜನವರಿಯ ಒಂದು ರಜಾದಿನ ಮಲ್ಪೆಯಿಂದ ಹೊರಟು ಕರಾವಳಿಯುದ್ದಕ್ಕೂ ಉತ್ತರಕ್ಕೆ ಹೋಗಿ, ಕೋಡಿಬೆಂಗ್ರೆಯ ಅಳಿವೆಯಲ್ಲಿ ಒಳನುಗ್ಗಿ, ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟಿ ವಾಪಸ್ ಬರುವುದು ಎಂದು ಮಾತಾಯಿತು. ನಾವು ಒಳನಾಡಿನ ಮೂವರು ಒಂದು ಜಾಲಿ ರೈಡ್ ಎಂದುಕೊಂಡು ಹತ್ತಿದೆವು.

ಹತ್ತುವ ಮೊದಲೇ ಪಾಠ ಶುರುವಾಯಿತು. ಜಾಕೆಟ್ ಹಾಕಿ, ಅದರ ಪಟ್ಟಿಗಳನ್ನು ಬಿಗಿದು, ಅವರು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿದರು. ಕಿವಿಯವರೆಗೆ ಬಂದರೆ ಸಡಿಲ ಎಂದರ್ಥ. ಒಬ್ಬೊಬ್ಬರೇ ಹತ್ತಬೇಕು, ದೋಣಿಯ ಅಂಚಿಗಲ್ಲ, ನಡುವಿಗೆ ಕಾಲಿಡಬೇಕು, ಇಟ್ಟ ಕೂಡಲೇ ಕೂರಬೇಕು. ಇಂಧನ, ಹಗ್ಗ, ನೀರು ಮೊಗೆಯುವ ಡಬ್ಬ, ಎಂಜಿನ್ ಕೈಕೊಟ್ಟರೆ ಬೇಕಾಗುವ ಹುಟ್ಟು, ಎಲ್ಲವನ್ನೂ ಒಂದು ಸಲ ಮುಟ್ಟಿ ನೋಡಿದರು. ಬೆಳಿಗ್ಗೆ ಆರೂವರೆಗೇ ಯಾಕೆ ಹೊರಡಬೇಕು ಎಂಬ ನಮ್ಮ ಗೊಣಗಾಟಕ್ಕೂ ಉತ್ತರ ಸಿಕ್ಕಿತು. ರಾತ್ರಿ ನೆಲ ತಣ್ಣಗಾಗುವುದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ, ತೀರದ ಹತ್ತಿರ ನೀರು ಸಮವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಬೀಸುವ ಗಾಳಿ ಅಲೆ ಎಬ್ಬಿಸುತ್ತದೆ. ಸಣ್ಣ ದೋಣಿಯವನ ಗಡಿಯಾರ ಈ ಗಾಳಿಯೇ.

ಎಡಕ್ಕೆ ಸೇಂಟ್ ಮೇರೀಸ್ ದ್ವೀಪ, ಬಲಕ್ಕೆ ಮುಗಿಯದ ತೆಂಗಿನ ಸಾಲು. ಅಷ್ಟು ಹೊತ್ತೂ ಖುಷಿಯೋ ಖುಷಿ. ಆದರೆ ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆಯ ಹತ್ತಿರ ಬಂದಾಗ ಅವರು ಎಂಜಿನ್ ನಿಧಾನ ಮಾಡಿ ಸುಮ್ಮನೆ ನಿಂತುಬಿಟ್ಟರು. ಕಣ್ಣೆದುರು ದಾರಿ ಕಾಣುತ್ತಿದೆ, ದೋಣಿ ಮುಂದೆ ಹೋಗುತ್ತಿಲ್ಲ. ನದಿ ತಂದ ಮರಳು ಅಳಿವೆಯ ಬಾಯಲ್ಲಿ ದಿಬ್ಬ ಕಟ್ಟುತ್ತದೆ. ಇಳಿತದ ಹೊತ್ತಿನಲ್ಲಿ ಹೊರಗೆ ನುಗ್ಗುವ ನದಿ ನೀರು ಒಳಗೆ ಬರುವ ಅಲೆಗೆ ಎದುರಾಗಿ, ಆ ದಿಬ್ಬದ ಮೇಲೆ ಅಲೆಗಳು ಗೋಡೆಯಂತೆ ಏಳುತ್ತವೆ. ಉಬ್ಬರ ಶುರುವಾಗಿ ನೀರು ಒಳಮುಖವಾದರೆ ಅದೇ ಜಾಗ ಸೌಮ್ಯವಾಗುತ್ತದೆ. ನಾವು ಮೊಬೈಲ್ ನೋಡಿಕೊಳ್ಳುತ್ತ ಚಡಪಡಿಸುವುದನ್ನು ಕಂಡು ಅವರು, ‘ಕಡಲಿಗೆ ಅರ್ಜೆಂಟ್ ಇಲ್ಲ ಮಾರಾಯಾ, ನಮಗೂ ಬೇಡ’ ಎಂದರು. ಅರ್ಧ ಗಂಟೆ ಕಾದೆವು. ಆಮೇಲೆ ಒಂದು ಅಲೆಯ ಬೆನ್ನ ಹಿಂದೆಯೇ, ಅದನ್ನು ಹಿಂದಿಕ್ಕದೆ, ಅದರಿಂದ ಹಿಂದೆಯೂ ಬೀಳದೆ ಒಳಗೆ ಹೋದೆವು.

ಇಡೀ ದಿನದಲ್ಲಿ ನನಗೆ ಹೆಚ್ಚು ನೆನಪಿರುವುದು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟಿದ ಆ ಐದು ನಿಮಿಷ. ದೋಣಿಗೆ ಬ್ರೇಕ್ ಇಲ್ಲ. ಎಂಜಿನ್ ನಿಂತರೂ ದೋಣಿ ಹೋಗುತ್ತಲೇ ಇರುತ್ತದೆ, ಗಾಳಿ ಅದನ್ನು ಒಂದು ಕಡೆಗೆ, ನೀರಿನ ಸೆಳೆತ ಇನ್ನೊಂದು ಕಡೆಗೆ ಒಯ್ಯುತ್ತದೆ. ಅದಕ್ಕೇ ಅವರು ಕಟ್ಟೆಯನ್ನು ದಾಟಿ ಮುಂದೆ ಹೋಗಿ, ತಿರುಗಿಸಿಕೊಂಡು, ಸೆಳೆತಕ್ಕೆ ಎದುರಾಗಿ ನಿಧಾನಕ್ಕೆ ಬಂದರು. ಎದುರು ಬರುವ ನೀರೇ ಬ್ರೇಕಿನ ಕೆಲಸ ಮಾಡುತ್ತದೆ. ಮೊದಲ ಸಲ ಸ್ವಲ್ಪ ವೇಗ ಹೆಚ್ಚಾಯಿತು ಎನ್ನಿಸಿತೋ ಏನೋ, ಕಟ್ಟೆಗೆ ಎರಡು ಮಾರು ಇರುವಾಗ ಹೊರಗೆ ತಿರುಗಿಸಿ ಇನ್ನೊಂದು ಸುತ್ತು ಹಾಕಿದರು. ನಲವತ್ತು ವರ್ಷ ಕಡಲು ಕಂಡವರು, ನಾವು ನೋಡುತ್ತಿದ್ದೇವೆ ಎಂಬ ಸಂಕೋಚ ಅವರಿಗೆ ಕಿಂಚಿತ್ತೂ ಇರಲಿಲ್ಲ.

ಎರಡನೇ ಸಲ ದೋಣಿಯ ಮೂತಿ ಮೆಲ್ಲಗೆ ಕಟ್ಟೆಯ ಕಡೆ ವಾಲಿತು, ಪಕ್ಕದಲ್ಲಿ ನೇತುಹಾಕಿದ್ದ ಹಳೆ ಟಯರು ಕಲ್ಲಿಗೆ ತಾಗಿತು. ನಮ್ಮಲ್ಲೊಬ್ಬ ಸಹಾಯ ಮಾಡುವ ಹುರುಪಿನಲ್ಲಿ ಕೈ ಚಾಚಿದ. ‘ಕೈ ಒಳಗೆ!’ ಎಂದು ಅವರು ಆ ದಿನದಲ್ಲಿ ಮೊದಲ ಸಲ ದನಿ ಎತ್ತಿದರು. ದೋಣಿಗೂ ಕಟ್ಟೆಗೂ ನಡುವೆ ಸಿಕ್ಕಿದ ಕೈಯ ಮೂಳೆ ಉಳಿಯುವುದಿಲ್ಲ. ಮುಂದಿನ ಹಗ್ಗ ಮೊದಲು, ಹಿಂದಿನದು ಆಮೇಲೆ. ಕಟ್ಟುವಾಗ ಹಗ್ಗಕ್ಕೆ ಸಡಿಲ ಬಿಟ್ಟರು. ನಮ್ಮ ಕರಾವಳಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಒಂದೂವರೆ ಮೀಟರ್ ಆಸುಪಾಸು ಏರಿ ಇಳಿಯುತ್ತದೆ. ಉಬ್ಬರದಲ್ಲಿ ಬಿಗಿಯಾಗಿ ಕಟ್ಟಿಹೋದರೆ, ನೀರು ಇಳಿದ ಮೇಲೆ ದೋಣಿ ಹಗ್ಗಕ್ಕೆ ನೇತಾಡುತ್ತದೆ. ‘ದೋಣಿ ಬಿಡುದು ಸುಲಭ, ತಂದು ಕಟ್ಟುದು ಕಷ್ಟ’ ಎಂದು ಅವರು ಹೇಳಿದ್ದು ಆಗಲೇ. ಊಟ ಮುಗಿಸಿ, ಕಡಲಗಾಳಿ ಜೋರಾಗುವ ಮೊದಲೇ ಮಲ್ಪೆಗೆ ವಾಪಸಾದೆವು.

ಆ ಮನುಷ್ಯ ಧೈರ್ಯವಂತ ಎಂದು ನನಗೆ ಅನ್ನಿಸಲಿಲ್ಲ. ಕಾಯುವುದು, ಸುತ್ತುಹಾಕುವುದು, ವಾಪಸ್ ಬರುವುದು, ಅವರು ಮಾಡಿದ್ದೆಲ್ಲ ಇಂಥದ್ದೇ. ನಮ್ಮೂರಿನ ಹುಡುಗರು ಬಂಡೆಯ ಮೇಲಿಂದ ಹಾರುವಾಗ ತೋರಿಸುವುದು ಧೈರ್ಯ. ಎರಡರ ನಡುವಿನ ವ್ಯತ್ಯಾಸ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಸಂಗಮದ ತೆಪ್ಪ

ಕಡಲಿಗೆ ಹೋಗಿ ಬಂದ ಮೇಲೆ ಸಂಗಮದ ತೆಪ್ಪವನ್ನು ನೋಡುವ ಕಣ್ಣೇ ಬದಲಾಯಿತು. ಮೇಕೆದಾಟಿಗೆ ಹೋದವರಿಗೆ ಗೊತ್ತು. ಸಂಗಮದಲ್ಲಿ ಅರ್ಕಾವತಿಯನ್ನು ದಾಟಿ, ಆಚೆ ದಡದಿಂದ ಬಸ್ ಹಿಡಿಯಬೇಕು. ನೀರು ಕಡಿಮೆಯಿದ್ದರೆ ನಡೆದೇ ದಾಟುತ್ತಾರೆ, ಹೆಚ್ಚಿದ್ದರೆ ತೆಪ್ಪ. ಹತ್ತು ನಿಮಿಷದ ಆ ದಾಟುವಿಕೆಯನ್ನು ನಾವೆಲ್ಲ ಸೆಲ್ಫಿಗೆ ಬಳಸುತ್ತೇವೆ, ತೆಪ್ಪ ನಡೆಸುವವನ ಕಡೆ ನೋಡುವುದಿಲ್ಲ.

ತೆಪ್ಪ ಅಥವಾ ಹರಿಗೋಲು ಸಾಮಾನ್ಯ ವಾಹನವಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುವುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರಂತೆ, ಸಾಗುವಾಗ ಗಿರಗಿರನೆ ತಿರುಗುತ್ತಿದ್ದವಂತೆ. ಐನೂರು ವರ್ಷದಲ್ಲಿ ಚರ್ಮ ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ ಬಂದಿದೆ, ಕೆಲವು ಕಡೆ ಫೈಬರ್ ಬಂದಿದೆ. ಆಕಾರ ಮಾತ್ರ ಅದೇ. ಯಾಕೆಂದರೆ ಅದರ ತಳ ಚಪ್ಪಟೆ, ಒಂದು ಗೇಣು ನೀರಿದ್ದರೂ ತೇಲುತ್ತದೆ. ಬಂಡೆ ತುಂಬಿದ ನಮ್ಮ ನದಿಗಳಿಗೆ ಇದಕ್ಕಿಂತ ಒಗ್ಗುವ ದೋಣಿ ಇನ್ನೊಂದಿಲ್ಲ.

ಆದರೆ ದುಂಡಗಿರುವ ದೋಣಿಗೆ ಮುಂದು ಹಿಂದು ಇರುವುದಿಲ್ಲ, ಚುಕ್ಕಾಣಿಯೂ ಇಲ್ಲ. ಒಂದೇ ಹುಟ್ಟಿನಲ್ಲಿ ಅದನ್ನು ತಿರುಗದಂತೆ ಸಾಗಿಸುವುದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ತೆಪ್ಪದವನು ಎದುರು ದಡದ ಕಡೆಗೆ ನೇರವಾಗಿ ಹೊರಡುವುದಿಲ್ಲ. ಮೊದಲು ಈಚೆ ದಡದಲ್ಲೇ ಮೇಲಕ್ಕೆ ಹೋಗಿ, ಅಲ್ಲಿಂದ ಓರೆಯಾಗಿ ಬಿಡುತ್ತಾನೆ. ಸೆಳೆತ ಕೆಳಗೆ ತಳ್ಳುತ್ತದೆ, ಅವನು ಅಡ್ಡ ಹುಟ್ಟು ಹಾಕುತ್ತಾನೆ, ಎರಡೂ ಸೇರಿ ತೆಪ್ಪ ಬೇಕಾದ ಜಾಗಕ್ಕೇ ಬಂದು ನಿಲ್ಲುತ್ತದೆ. ‘ನಾನ್ ಇಳಿಯೋಗಂಟ ಯಾರೂ ಏಳ್ಬೇಡಿ’ ಎನ್ನುತ್ತಾನೆ. ತಾನು ಮೊದಲು ಇಳಿದು, ತೆಪ್ಪವನ್ನು ಮರಳಿಗೆ ಎಳೆದು ನಿಲ್ಲಿಸಿ, ಆಮೇಲೆ ಒಬ್ಬೊಬ್ಬರನ್ನೇ ಇಳಿಸುತ್ತಾನೆ. ಹಂಗಾರಕಟ್ಟೆಯಲ್ಲಿ ನಾನು ಕಂಡದ್ದೂ ಇದನ್ನೇ. ಮೊದಲು ನೀರು ನೋಡು, ನಿಧಾನಿಸು, ದಡ ಗಟ್ಟಿಯಾದ ಮೇಲೆ ಏಳು.

ಈ ವಿದ್ಯೆಯನ್ನು ನಾವು ‘ಕೂಲಿ ಕೆಲಸ’ ಎಂದು ಕರೆದು ಕೈಬಿಟ್ಟಿದ್ದೇವೆ. ಹನ್ನೆರಡನೇ ಶತಮಾನದಲ್ಲಿ ಹುಟ್ಟು ಹಾಕುತ್ತಿದ್ದ ಅಂಬಿಗರ ಚೌಡಯ್ಯ ಶರಣರ ಸಾಲಿನಲ್ಲಿ ಕೂತು ವಚನ ಹೇಳಿದ ನಾಡು ಇದು. ಇಂದು ನದಿದಂಡೆಯ ಊರಿನ ಹುಡುಗ ತೆಪ್ಪ ಕಲಿಯುತ್ತೇನೆ ಎಂದರೆ ಮನೆಯಲ್ಲೇ ಬೈಯುತ್ತಾರೆ. ಅಪ್ಪ ನಡೆಸಿದ ತೆಪ್ಪವನ್ನು ಮಗ ಮುಟ್ಟದೆ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಹೋಗುತ್ತಾನೆ. ಅವನದು ತಪ್ಪಲ್ಲ. ಆದರೆ ಆ ಹಿರಿಯ ತೆಪ್ಪದವನ ಜೊತೆಗೆ, ಎಲ್ಲಿ ಮಡು ಇದೆ, ಎಲ್ಲಿ ಸುಳಿ ಇದೆ, ಯಾವ ಬಂಡೆ ಯಾವ ತಿಂಗಳು ಜಾರುತ್ತದೆ ಎಂಬ ಲೆಕ್ಕವೂ ಹೋಗುತ್ತದೆ.

ಮೇಕೆದಾಟಿನಲ್ಲಿ ಆ ಲೆಕ್ಕ ಬಹಳ ಮುಖ್ಯ. ಅಷ್ಟು ಅಗಲದ ಕಾವೇರಿ ಅಲ್ಲಿ ಕೆಲವೇ ಮೀಟರ್ ಅಗಲದ ಕಂದಕದಲ್ಲಿ ನುಗ್ಗುತ್ತದೆ. ಸುಳಿಯ ನೀರು ಕಲ್ಲುಗಳನ್ನು ತಿರುಗಿಸಿ ತಿರುಗಿಸಿ ಬಂಡೆಯಲ್ಲಿ ಒರಳಿನಂಥ ಗುಂಡಿಗಳನ್ನು ಕೊರೆದಿದೆ. ಮೇಲಿನಿಂದ ಶಾಂತವಾಗಿ ಕಾಣುವ ನೀರಿನ ಕೆಳಗೆ ಏನಿದೆ ಎಂದು ಹೊಸಬನಿಗೆ ತಿಳಿಯುವುದಿಲ್ಲ. ಇನ್ನೊಂದು ವಿಷಯವನ್ನು ಬೋರ್ಡು ಹೇಳುವುದೇ ಇಲ್ಲ. ಕನಕಪುರದಲ್ಲಿ ಒಂದು ಹನಿ ಮಳೆ ಬೀಳದಿದ್ದರೂ, ಕೆಆರ್‌ಎಸ್ ಅಥವಾ ಕಬಿನಿಯಿಂದ ನೀರು ಬಿಟ್ಟರೆ ಇಲ್ಲಿ ನದಿ ಏರುತ್ತದೆ. ಬೆಳಿಗ್ಗೆ ನಡೆದು ದಾಟಿದ ಜಾಗ ಸಂಜೆಗೆ ಹಾಗೇ ಇರುತ್ತದೆ ಎಂಬ ಖಾತರಿ ಇಲ್ಲ.

ಅಪಘಾತಗಳು ಹೇಳುವುದೇನು?

ನೀರಿನ ಅಪಘಾತ ಎಂದರೆ ವಿಧಿ ಎನ್ನುವುದು ನಮಗೆ ರೂಢಿ. ಆದರೆ ದೊಡ್ಡ ದುರಂತಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ವಿಧಿಗಿಂತ ಬೇರೆಯದೇ ಕಾಣುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿದ್ದ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಕಡೆಗೆ ನುಗ್ಗಿದ್ದರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದಿದ್ದವರೂ ಇದ್ದರು, ನಮ್ಮಂತೆಯೇ ಕಡಲು ಕಾಣದ ಒಳನಾಡಿನವರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನ ಸತ್ತ ದೋಣಿ, ಮೀನುಗಾರಿಕೆ ದೋಣಿಯನ್ನು ಪ್ರವಾಸಕ್ಕೆಂದು ಮಾರ್ಪಡಿಸಿದ್ದು. ಅದರಲ್ಲಿ ಮಿತಿಮೀರಿ ಜನ ತುಂಬಿದ್ದರು.

ಇವುಗಳಲ್ಲಿ ಹೆಚ್ಚಿನದು ತಿಳಿವಳಿಕೆಗೆ ಸಂಬಂಧಿಸಿದ್ದು. ಎಷ್ಟು ಜನ ಹತ್ತಬೇಕು, ಎಲ್ಲಿ ಕೂರಬೇಕು, ಯಾವಾಗ ಏಳಬಾರದು, ಯಾವಾಗ ‘ಈ ದೋಣಿ ಬೇಡ’ ಎಂದು ಇಳಿದುಬಿಡಬೇಕು. ಚಾಲಕನಿಗೆ ಗೊತ್ತಿದ್ದರೆ ಸಾಲದು, ಪ್ರಯಾಣಿಕನಿಗೂ ಗೊತ್ತಿರಬೇಕು. ‘ಅಣ್ಣಾ, ಇನ್ನಿಬ್ಬರು ಹತ್ತುತ್ತೇವೆ, ಏನಾಗಲ್ಲ’ ಎಂದು ಚೌಕಾಸಿ ಮಾಡುವವರು ನಾವೇ. ಜಾಕೆಟ್ ಬೆವರು ವಾಸನೆ ಬರುತ್ತದೆ, ಫೋಟೊದಲ್ಲಿ ಚೆನ್ನಾಗಿ ಕಾಣಲ್ಲ ಎಂದು ಬಿಚ್ಚಿ ಕಾಲ ಬಳಿ ಇಟ್ಟುಕೊಳ್ಳುವವರೂ ನಾವೇ.

ನಿಯಮಗಳಿಗೆ ಕೊರತೆಯಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿದೆ. ಬ್ರಿಟಿಷರ ಕಾಲದ 1917ರ ಕಾಯ್ದೆಯ ಜಾಗದಲ್ಲಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಎಂಜಿನ್ ಇಲ್ಲದ ದೋಣಿಗಳನ್ನು ಸ್ಥಳೀಯ ಸಂಸ್ಥೆಗಳಲ್ಲಿ ನೋಂದಾಯಿಸುವುದಕ್ಕೂ ಅದರಲ್ಲಿ ಅವಕಾಶವಿದೆ. ಎಂದರೆ ನಮ್ಮ ಗ್ರಾಮ ಪಂಚಾಯಿತಿಗಳು ತೆಪ್ಪಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಂದೊಂದಕ್ಕೂ ಸಂಖ್ಯೆ ಬರೆಸಿ, ಎಷ್ಟು ಜನ ಎಂದು ಅದರ ಅಂಚಿಗೇ ಬಣ್ಣದಲ್ಲಿ ಬರೆಸುವ ದಾರಿ ತೆರೆದಿದೆ.

‘ಕಲಿಸಿದರೆ ಇನ್ನೂ ಹೆಚ್ಚು ಹೋಗ್ತಾರೆ’

ಈ ಮಾತನ್ನು ನಾನು ಎಲ್ಲಿ ಎತ್ತಿದರೂ ಎರಡು ಆಕ್ಷೇಪ ಬರುತ್ತವೆ. ಮೊದಲನೆಯದು, ಕಲಿಸಿದರೆ ಹುಡುಗರಿಗೆ ಧೈರ್ಯ ಬಂದು ಇನ್ನೂ ಹೆಚ್ಚು ನೀರಿಗೆ ಹೋಗುತ್ತಾರೆ. ಎರಡನೆಯದು, ಈಜು ಬರುವವರೇ ಮುಳುಗುತ್ತಾರಲ್ಲ?

ಎರಡನೆಯದು ಭಾಗಶಃ ನಿಜ. ಈಜುಕೊಳದಲ್ಲಿ ನಾಲ್ಕು ಸುತ್ತು ಹೊಡೆದವನಿಗೆ ಮೇಕೆದಾಟಿನ ಸುಳಿ ಗೊತ್ತಿರುವುದಿಲ್ಲ. ಅದಕ್ಕೇ ನಾನು ಬರೀ ಈಜಿನ ಮಾತಾಡುತ್ತಿಲ್ಲ. ಕಲಿಸಬೇಕಾದದ್ದು ನೀರನ್ನು ಓದುವುದನ್ನು. ಎಲ್ಲಿ ಇಳಿಯಲೇಬಾರದು, ಮುಳುಗುತ್ತಿರುವ ಗೆಳೆಯನನ್ನು ಕಂಡಾಗ ಹಾರದೆ ಹಗ್ಗ, ಪಂಚೆ, ಖಾಲಿ ಕ್ಯಾನು ಎಸೆಯುವುದು ಹೇಗೆ, ದೋಣಿ ಮಗುಚಿದರೆ ಅದನ್ನು ಬಿಡದೆ ಹಿಡಿದುಕೊಳ್ಳಬೇಕು ಯಾಕೆ, ಇವೆಲ್ಲ ಆ ಪಾಠದಲ್ಲಿ ಸೇರಬೇಕು. ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬ ಹೋಗುವ ಸುದ್ದಿ ನಿಲ್ಲಬೇಕಾದರೆ ಈ ಪಾಠ ಬೇಕೇ ಬೇಕು.

ಮೊದಲ ಆಕ್ಷೇಪಕ್ಕೆ ಉತ್ತರ ಬೋರ್ಡುಗಳ ಕೆಳಗೇ ಬಿದ್ದಿದೆ. ಬೋರ್ಡಿಗೆ ಒರಗಿಸಿ ಬೈಕ್ ನಿಲ್ಲಿಸಿ ನೀರಿಗಿಳಿಯುವವರನ್ನು ಯಾರು ನೋಡಿಲ್ಲ? ಬೇಡ ಎಂದರೂ ಹುಡುಗರು ಹೋಗುತ್ತಿದ್ದಾರೆ. ಹೋಗುವವನಿಗೆ ತಿಳಿವಳಿಕೆ ಇರಬೇಕೋ ಬೇಡವೋ ಎಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ. ಹುಡುಗಿಯರ ವಿಷಯದಲ್ಲಂತೂ ಇದು ಇನ್ನೂ ನಿಜ. ಕೆರೆಯಲ್ಲಿ ಈಜುವ ಅವಕಾಶ ಹುಡುಗರಿಗಾದರೂ ಕದ್ದುಮುಚ್ಚಿ ಸಿಗುತ್ತದೆ, ಹುಡುಗಿಯರಿಗೆ ಅದೂ ಇಲ್ಲ. ಬಟ್ಟೆ ಒಗೆಯಲು, ದನಕ್ಕೆ ನೀರು ಕುಡಿಸಲು ಕೆರೆಗೆ ಹೋಗುವವರಲ್ಲಿ ಹೆಚ್ಚಿನವರು ಮಾತ್ರ ಅವರೇ.

ನೀರಿನಲ್ಲಿ ಮುಳುಗಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜುಲೈ 25ನ್ನು ಮುಳುಗಿ ಸಾಯುವುದನ್ನು ತಡೆಯುವ ದಿನ ಎಂದು ವಿಶ್ವಸಂಸ್ಥೆ 2021ರಲ್ಲಿ ಘೋಷಿಸಿದಾಗ ಆ ನಿರ್ಣಯಕ್ಕೆ ಮುಂದಾಳತ್ವ ವಹಿಸಿದ್ದ ದೇಶಗಳಲ್ಲಿ ನಮ್ಮ ನೆರೆಯ ಬಾಂಗ್ಲಾದೇಶವೂ ಒಂದು. ಅಲ್ಲಿ ದುಬಾರಿ ಈಜುಕೊಳ ಕಟ್ಟಲಿಲ್ಲ. ಊರಿನ ಕೆರೆಯಲ್ಲೇ ಬಿದಿರಿನ ಅಟ್ಟಣಿಗೆ ಕಟ್ಟಿ, ಊರಿನವರನ್ನೇ ತರಬೇತುಗೊಳಿಸಿ, ಸಣ್ಣ ಮಕ್ಕಳಿಗೆ ಈಜು ಮತ್ತು ರಕ್ಷಣೆಯ ಪಾಠ ಹೇಳಿದರು. ಬಿದಿರು ನಮ್ಮಲ್ಲೂ ಇದೆ, ಕೆರೆಯೂ ಇದೆ.

ಇಲ್ಲಿಂದ ಶುರು ಮಾಡಬಹುದು

ದೊಡ್ಡ ಯೋಜನೆ ಕೇಳುತ್ತಿಲ್ಲ. ಕಣ್ವದಂಥ ಒಂದು ಜಲಾಶಯದ ಆಳವಿಲ್ಲದ ಅಂಚಿನಲ್ಲಿ ಜಾಗ ಗುರುತಿಸಿ, ಹಗ್ಗ ಕಟ್ಟಿ, ಬೇಸಿಗೆ ರಜೆಯಲ್ಲಿ ಹತ್ತು ದಿನದ ಶಿಬಿರ ನಡೆಸಲಿ. ಎಲ್ಲ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆ, ಪಿಯು ಕಾಲೇಜುಗಳಿಂದ ಹುಡುಗ ಹುಡುಗಿಯರು ಬರಲಿ. ಪಾಠ ಹೇಳುವವರು ತೆಪ್ಪದವರು ಮತ್ತು ಮೀನು ಹಿಡಿಯುವವರಾಗಿರಲಿ. ಅವರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು, ದಿನಕ್ಕೆ ಮರ್ಯಾದೆಯ ಸಂಭಾವನೆ ಕೊಡಲಿ. ಅಪ್ಪನ ಹುಟ್ಟಿಗೆ ಸಂಬಳ ಮತ್ತು ಗೌರವ ಎರಡೂ ಬಂದರೆ ಮಗನೂ ಅದನ್ನು ಕೈಗೆತ್ತಿಕೊಂಡಾನು. ಎನ್‌ಎಸ್‌ಎಸ್, ಎನ್‌ಸಿಸಿ ಘಟಕಗಳು ಈಗಾಗಲೇ ಕಾಲೇಜುಗಳಲ್ಲಿವೆ, ವರ್ಷದ ಶಿಬಿರದ ಒಂದು ದಿನವನ್ನು ಇದಕ್ಕೆ ಕೊಡುವುದು ಕಷ್ಟವಲ್ಲ.

ಬೋರ್ಡುಗಳನ್ನೂ ಬದಲಿಸಬಹುದು. ‘ಅಪಾಯ’ ಎನ್ನುವ ಬದಲು ಅಪಾಯ ಏನು ಎಂದು ಬರೆಯಲಿ. ‘ಈ ಬಂಡೆಯಿಂದ ಮೂರು ಹೆಜ್ಜೆ ಆಚೆ ಮಡು ಇದೆ’, ‘ಅಣೆಕಟ್ಟಿನಿಂದ ನೀರು ಬಿಟ್ಟರೆ ಈ ಗುರುತಿನವರೆಗೆ ಏರುತ್ತದೆ’, ‘ಇಲ್ಲಿ ತೆಪ್ಪಕ್ಕೆ ಇಷ್ಟೇ ಜನ’. ಪಕ್ಕದಲ್ಲೇ ಒಂದು ಕಂಬಕ್ಕೆ ಉದ್ದನೆಯ ಹಗ್ಗ ಮತ್ತು ಗಾಳಿ ತುಂಬಿದ ಟ್ಯೂಬು ನೇತುಹಾಕಲಿ. ಇದಕ್ಕೆ ಆಗುವ ಖರ್ಚು, ಒಂದು ಉದ್ಘಾಟನಾ ಸಮಾರಂಭದ ಶಾಮಿಯಾನದಷ್ಟೂ ಆಗಲಾರದು.

ಇದನ್ನು ಈಗಲೇ ಮಾಡಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಮೇಕೆದಾಟು ಯೋಜನೆ ಬಂದರೆ ಸಂಗಮದ ಸುತ್ತಮುತ್ತ 67.16 ಟಿಎಂಸಿ ನೀರು ನಿಲ್ಲುತ್ತದೆ. ಯೋಜನೆ ಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಆದರೆ ಹಿನ್ನೀರು ಬಂದ ಕಡೆ ಬದುಕು ದೋಣಿಯ ಮೇಲೆ ನಿಲ್ಲುತ್ತದೆ ಎಂಬುದಕ್ಕೆ ಶರಾವತಿಯೇ ಸಾಕ್ಷಿ. ಲಿಂಗನಮಕ್ಕಿಯ ಹಿನ್ನೀರಿನಾಚೆಯ ಸಾಗರ ತಾಲ್ಲೂಕಿನ ಜನ ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ದಶಕಗಳ ಕಾಲ ಲಾಂಚ್ ನಂಬಿ ಬದುಕಿದರು. ಸಿಗಂದೂರಿಗೆ ಹೋಗುವ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ನಮ್ಮ ಕನಕಪುರಕ್ಕೆ ಅಂಥ ನೀರು ಬರುವುದೇ ಆದರೆ, ಅದು ಬರುವ ಮೊದಲೇ ಒಂದು ತಲೆಮಾರು ಅದಕ್ಕೆ ತಯಾರಾಗಿರಬೇಕು. ಬರದಿದ್ದರೂ ಇರುವ ನೀರು ಎಲ್ಲಿಗೂ ಹೋಗುವುದಿಲ್ಲ.

ಈ ಪುಟ ಓದುವ ನನ್ನ ವಯಸ್ಸಿನವರಲ್ಲಿ ಒಂದು ಕೋರಿಕೆ. ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲ. ಮುಂದಿನ ಸಲ ಸಂಗಮಕ್ಕೋ ಮಲ್ಪೆಗೋ ಹೋದಾಗ ಜಾಕೆಟ್ ಕೇಳಿ ಹಾಕಿಕೊಳ್ಳಿ, ಇಲ್ಲವೆಂದರೆ ಹತ್ತಬೇಡಿ. ಚೌಕಾಸಿ ಮಾಡಿ ಒಬ್ಬರನ್ನು ಹೆಚ್ಚಿಗೆ ಹತ್ತಿಸಬೇಡಿ. ಹುಟ್ಟು ಹಾಕುವವರ ಜೊತೆ ಐದು ನಿಮಿಷ ಮಾತಾಡಿ, ‘ಇಲ್ಲಿ ನೀರು ಹೇಗೆ?’ ಎಂದು ಕೇಳಿ. ಯಾವ ಬೋರ್ಡಿನಲ್ಲೂ ಇಲ್ಲದ ವಿಷಯಗಳನ್ನು ಅವರು ಹೇಳುತ್ತಾರೆ. ಕೇಳಿದ್ದನ್ನು ನಿಮ್ಮ ಊರಿನ ನಾಲ್ಕು ಹುಡುಗರಿಗೆ, ನಾಲ್ಕು ಹುಡುಗಿಯರಿಗೆ ಬರುವ ಬೇಸಿಗೆ ರಜೆಗೆ ಮೊದಲೇ ದಾಟಿಸಿ.